ಮೊಣಕೈಗೊಂದು ಸಿಂಬೆ

ನನ್ನ ಬಲ ಮೊಣಕೈಯ ಹಿಂದೆ ಗಂಟೊಂದು ಎದ್ದಿರುವುದನ್ನು ಮನೆಯಲ್ಲಿ ಮೊದಲು ಪತ್ತೆಹಚ್ಚಿದವರು ನನ್ನ ಅತ್ತೆ. ಅಂದು ನರಕ ಚತುರ್ದಶಿ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚುತ್ತಿದ್ದರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಆ ಒಂದು ಬೆಳಿಗ್ಗೆ ಸೊಸೆಗೆ ಎಣ್ಣೆ ಹಚ್ಚುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಭುಜದಿಂದ ಇಳಿದು ಬಂದ ಬೆರಳು ಮೊಣಕೈಯ ಹತ್ತಿರ ನಿಂತಿತು. ಮೇಲೆ ಹೋಗಿ ಮತ್ತೆ ಬಂದು ಅಲ್ಲೇ ನಿಂತಿತು.

“ಎಂತ ಇದು? ಒಳಗೆ ಹುಣಿಸೆಬೀಜ ಇಟ್ಟ ಹಾಗೆ ಉಂಟಲ್ಲ.”

“ಏನೂ ಇಲ್ಲ ಬಿಡ್ರಿ ಅತ್ತಿ. ಎಲ್ಲ್ಯೋ ಬಡದದ.”

“ಬಡಿದರೆ ನೀಲಿ ಆಗ್ಬೇಕು. ನೋವುಂಟಾ?”

“ಇಲ್ರಿ.”

“ಎಷ್ಟು ದಿನ ಆಯ್ತು?”

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಒಂದು ತಿಂಗಳಿಗೂ ಮೇಲಾಗಿತ್ತು. ಗಣಪತಿ ಹಬ್ಬ ಮುಗಿದ ಮೇಲೆ ಒಂದು ದಿನ ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು. ಯಾರಿಗೂ ಹೇಳಿರಲಿಲ್ಲ. ಮೊಣಕೈ ಮುಚ್ಚುವಂಥ ಮೂರು ಕುರ್ತಾಗಳನ್ನು ತಂದು ಅವನ್ನೇ ತಿರುಗಾ ಮುರುಗಾ ಹಾಕಿಕೊಳ್ಳುತ್ತಿದ್ದೆ. ಗಂಡ ನೋಡಿರಲಿಲ್ಲ, ಮಗಳೂ ನೋಡಿರಲಿಲ್ಲ. ಈ ಎಪ್ಪತ್ತೊಂದು ವರ್ಷದ ಹೆಂಗಸಿನ ಎಣ್ಣೆಗೈಯಿಂದ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ.

ಹೆದರಿಕೆಗೆ ಕಾರಣವಿತ್ತು. ಏಳು ವರ್ಷದಿಂದ ನನಗೆ ರುಮಟಾಯ್ಡ್ ಸಂಧಿವಾತ. ಕೀಲುಗಳನ್ನು ಕಾಯಬೇಕಾದ ಮೈಯ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಮೊದಲ ವರ್ಷ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಅತ್ತೆಯೇ ಚಹಾದ ಲೋಟ ಹಿಡಿದು ಕುಡಿಸುತ್ತಿದ್ದರು. ಆಮೇಲೆ ಠಾಣೆ ಶಹರದ ಮಾಜಿವಾಡಾದಲ್ಲಿ ಒಬ್ಬ ಒಳ್ಳೆಯ ಡಾಕ್ಟರು ಸಿಕ್ಕರು, ವಾರಕ್ಕೊಮ್ಮೆ ನುಂಗುವ ಗುಳಿಗೆ ಶುರುವಾಯಿತು, ನೋವು ಇಳಿಯಿತು. ಠಾಣೆಯ ಒಂದು ಶಾಲೆಯ ಆಫೀಸಿನಲ್ಲಿ ಕ್ಲಾರ್ಕ್ ಆಗಿರುವ ನಾನು ಮತ್ತೆ ಎಂಟು ಗಂಟೆಯ ಲೋಕಲ್ ಹಿಡಿಯುವಂತಾದೆ. ಎಲ್ಲ ಸರಿಹೋಯಿತು ಅಂದುಕೊಂಡಿದ್ದಾಗ ಈ ಗಂಟು. ಫೋನಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ಗಂಟು ಎಂದು ಬರೆದರೆ ಫೋನು ಕೆಟ್ಟದ್ದನ್ನೇ ಮೊದಲು ತೋರಿಸುತ್ತದೆ.

ಅತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಅವರದು ಉಡುಪಿ ಕಡೆ. ಮಾವ ಡೊಂಬಿವಲಿಯಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಈಗ ಮಾವನೂ ಇಲ್ಲ, ಹೋಟೆಲೂ ಇಲ್ಲ. ನನ್ನದು ಗದಗ ಕಡೆ. ಹೀಗಾಗಿ ನಮ್ಮ ಮನೆಯಲ್ಲಿ ಅತ್ತೆ ಮಗನೊಡನೆ ತುಳು, ನನ್ನೊಡನೆ ಅವರ ಕನ್ನಡ, ನಾನು ನನ್ನ ಕನ್ನಡ, ಕಾಲೇಜಿಗೆ ಹೋಗುವ ಮಗಳು ಎಲ್ಲರಿಗೂ ಮರಾಠಿಯಲ್ಲೋ ಹಿಂದಿಯಲ್ಲೋ ಉತ್ತರ. ಅವಳಿಗೆ ಎಲ್ಲವೂ ತಿಳಿಯುತ್ತದೆ, ಬಾಯಲ್ಲಿ ಮಾತ್ರ ಬರುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ನಾಲ್ವರಿಗೂ ಒಂದೇ ಭಾಷೆ. ಅದು ಕೇರಂ.

ಹೋಟೆಲಿನ ಮಾಳಿಗೆಯಲ್ಲಿ ಒಂದು ದೊಡ್ಡ ಬೋರ್ಡಿತ್ತಂತೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಹೋಟೆಲು ಖಾಲಿ ಇರುವಾಗ ಅತ್ತೆ ಅಡುಗೆಭಟ್ಟರ ಜೊತೆ ಆಡಿ ಆಡಿ, ಕೊನೆಗೆ ಅವರ ಜೊತೆ ಆಡಲು ಯಾರೂ ಒಪ್ಪದ ಹಾಗೆ ಆಯಿತಂತೆ. ಈ ಕಥೆಯನ್ನು ಮಾವ ಹೇಳುತ್ತಿದ್ದರು. ಮಾವ ಹೋದ ಮೇಲೆ ಬೋರ್ಡು ಕಪಾಟಿನ ಹಿಂದೆ ಸೇರಿತ್ತು. ಆ ವರ್ಷ ಗಣಪತಿಯ ರಜೆಯಲ್ಲಿ ಮಗಳು ಅದನ್ನು ಎಳೆದು ತೆಗೆದು ಒರೆಸಿ, “ಅಜ್ಜಿ, ಚಲಾ”, ನಡಿ ಆಡೋಣ, ಎಂದಳು. ಅಂದಿನಿಂದ ದಿನಾ ಸಂಜೆ ಆಟ. ಅತ್ತೆಯ ಎದುರು ನಾನು, ಅವರ ಜೋಡಿ. ಗಂಡ ಮತ್ತು ಮಗಳು ಇನ್ನೊಂದು ಜೋಡಿ. ನಾವೇ ಹೆಚ್ಚು ಗೆಲ್ಲುತ್ತಿದ್ದೆವು.

ಆ ಚತುರ್ದಶಿಯ ದಿನ ಅತ್ತೆ ಮತ್ತೇನೂ ಕೇಳಲಿಲ್ಲ. ಆದರೆ ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಒಂದು ಬಟ್ಟಲು ಹಿಡಿದುಕೊಂಡು ಬಂದರು. ಎಲೆಯಡಿಕೆಗೆ ಇಟ್ಟುಕೊಳ್ಳುವ ಸುಣ್ಣಕ್ಕೆ ಬೆಲ್ಲ ಕಲಸಿದ್ದರು.

“ಕೈ ಕೊಡು. ನನ್ನ ಅಣ್ಣನಿಗೆ ಮೊಣಕಾಲಲ್ಲಿ ಹೀಗೆ ಬಾವು ಇತ್ತು. ಎರಡು ಸಲ ಹಚ್ಚಿದ್ದಕ್ಕೆ ಇಳಿದು ಹೋಯ್ತು.”

ಬೇಡ ಅನ್ನಬಹುದಿತ್ತು. ಒಳಗೊಳಗೇ ನನಗೂ ಆಸೆ. ಡಾಕ್ಟರ ಹತ್ತಿರ ಹೋಗದೆ, ಕೆಟ್ಟ ಸುದ್ದಿ ಕೇಳದೆ, ಅದು ತಾನಾಗಿ ಹೋದರೆ ಸಾಕಾಗಿತ್ತು. ಕೈ ಕೊಟ್ಟೆ. ಅವರು ದಪ್ಪಗೆ ಹಚ್ಚಿ ಹಳೆಯ ಪಂಚೆಯ ತುಂಡಿನಿಂದ ಬಿಗಿಯಾಗಿ ಕಟ್ಟಿದರು. ಸಂಜೆಯ ಹೊತ್ತಿಗೆ ಉರಿ ಹತ್ತಿತು. ಬಿಚ್ಚಿದರೆ ಗಂಟು ಇದ್ದಷ್ಟೇ ಇತ್ತು. ಅದರ ಮೇಲಿನ ಚರ್ಮ ಮಾತ್ರ ಬೆಂದು ಬೊಬ್ಬೆ ಎದ್ದಿತ್ತು. ಮೂರನೆಯ ದಿನ ಬೊಬ್ಬೆ ಒಡೆದು ಸುತ್ತಲೂ ಕೆಂಪಾಯಿತು, ಕೀವು ಕಾಣಿಸಿತು. ಈಗ ಮುಚ್ಚಿಡಲು ಸಾಧ್ಯವಿರಲಿಲ್ಲ. ಗಂಡ ನೋಡಿದರು. ಫೋನು ತೆಗೆದು ಡಾಕ್ಟರ ಸಮಯ ಗೊತ್ತುಮಾಡಿದರು. ಅತ್ತೆ ಆಗಲೇ ಸೀರೆ ಬದಲಿಸಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ನೀವ್ಯಾಕ ಅತ್ತಿ, ಇಷ್ಟು ದೂರ?”

“ಸುಟ್ಟದ್ದು ನಾನು. ಬೈಗುಳ ತಿನ್ನುವುದಕ್ಕೆ ನೀನು ಒಬ್ಬಳೇ ಹೋಗುವುದಾ?”

ನಮ್ಮ ಡಾಕ್ಟರು ಮರಾಠಿ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವರು. ಮೆಲ್ಲಗೆ ಮಾತಾಡುತ್ತಾರೆ. ಗಾಯ ತೊಳೆಯುತ್ತ ಏನು ಹಚ್ಚಿದ್ದೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಹೋಟೆಲಿನ ಹಿಂದಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡರು. ಸುಣ್ಣ ಎಷ್ಟು, ಬೆಲ್ಲ ಎಷ್ಟು ಎನ್ನುವುದನ್ನೂ ಬಿಡಲಿಲ್ಲ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಕುರ್ಚಿಯನ್ನು ನಮ್ಮಿಬ್ಬರ ಹತ್ತಿರ ಎಳೆದುಕೊಂಡು ಕೂತು ವಿವರಿಸಿದರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಹಾಗೆ ಹೇಳುತ್ತ ಹೇಳುತ್ತಲೇ ನನಗೂ ಅರ್ಥವಾಯಿತು.

ಇದು ಕ್ಯಾನ್ಸರ್ ಅಲ್ಲ. ಈ ಸಂಧಿವಾತ ಇರುವ ಕೆಲವರಿಗೆ ಚರ್ಮದ ಕೆಳಗೆ ಹೀಗೆ ಗಟ್ಟಿ ಗಂಟು ಬರುತ್ತದೆ. ಹೆಚ್ಚಾಗಿ ಒತ್ತಡ ಬೀಳುವ ಕಡೆ: ಮೊಣಕೈ, ಬೆರಳಿನ ಗೆಣ್ಣು, ಹಿಮ್ಮಡಿ. ಬಹಳ ಸಲ ನೋವೂ ಇರುವುದಿಲ್ಲ, ಅದರ ಪಾಡಿಗೆ ಅದು ಇರುತ್ತದೆ, ಒಮ್ಮೊಮ್ಮೆ ತಾನೇ ಕರಗುತ್ತದೆ. ಕತ್ತರಿಸಿ ತೆಗೆಯಬಹುದು, ಆದರೆ ಅಲ್ಲೇ ಮತ್ತೆ ಬರುವುದುಂಟು. ಹಾಗಾಗಿ ತೊಂದರೆ ಕೊಡದ ಗಂಟಿನ ತಂಟೆಗೆ ಹೋಗದಿರುವುದೇ ಒಳ್ಳೆಯದು. ಹಿಸುಕಬಾರದು, ಚುಚ್ಚಬಾರದು, ಸುಡಬಾರದು.

ಸುಡಬಾರದು ಎಂದಾಗ ಅತ್ತೆ ನೆಲ ನೋಡಿದರು.

ಮೇಲಿನ ಚರ್ಮವನ್ನು ಜೋಪಾನ ಮಾಡುವುದೇ ಮುಖ್ಯ, ಎಂದರು ಡಾಕ್ಟರು. ಚರ್ಮ ಒಡೆದರೆ ಸೋಂಕು ಒಳಗೆ ಹೋಗುತ್ತದೆ. ನಾನು ತೆಗೆದುಕೊಳ್ಳುವ ಗುಳಿಗೆಯಿಂದ ಮೈಯ ತಡೆಯುವ ಶಕ್ತಿಯೂ ಕಡಿಮೆ, ಅದಕ್ಕೇ ಇಷ್ಟು ಬೇಗ ಕೀವಾದದ್ದು. ಸೋಂಕಿಗೆ ಬೇರೆ ಮಾತ್ರೆ ಬರೆದರು. ವಾರದ ಗುಳಿಗೆಯನ್ನು ಗಾಯ ವಾಸಿಯಾಗುವವರೆಗೆ ನಿಲ್ಲಿಸಿ, ಯಾವಾಗ ಶುರುಮಾಡಬೇಕೆಂದು ತಾವೇ ಹೇಳುವುದಾಗಿ ಹೇಳಿದರು. ನನ್ನಷ್ಟಕ್ಕೆ ನಿಲ್ಲಿಸುವುದು ಶುರುಮಾಡುವುದು ಮಾಡಬಾರದು. ಕೆಂಪು ಹರಡಿದರೆ, ಜ್ವರ ಬಂದರೆ, ಕಿರುಬೆರಳು ಜೋಮು ಹಿಡಿದರೆ ಕಾಯದೆ ಬರಬೇಕು. ಬೇರೆ ಕಾರಣವಲ್ಲವೆಂದು ಖಾತ್ರಿ ಮಾಡಿಕೊಳ್ಳಲು ರಕ್ತ ಪರೀಕ್ಷೆಗೂ ಬರೆದರು.

ಕೊನೆಗೆ ಕೇಳಿದರು, “ಬಲಗೈಗೇ ಯಾಕೆ? ದಿನದಲ್ಲಿ ಈ ಮೊಣಕೈಯನ್ನು ಎಲ್ಲೆಲ್ಲಿ ಊರುತ್ತೀರಿ?”

ಆಫೀಸಿನ ಮೇಜಿನ ಅಂಚು ಅಂದೆ. ರೈಲಿನ ಕಿಟಕಿ ಅಂದೆ, ಸೀಟು ಸಿಕ್ಕ ದಿನ. ನೆನಪು ಮಾಡಿಕೊಳ್ಳುತ್ತಿರುವಾಗ ಅತ್ತೆ ನನ್ನ ತೊಡೆಗೆ ತಟ್ಟಿದರು.

“ಕೇರಂ ಬೋರ್ಡು. ಆಡುವಾಗ ಇವಳು ಮೊಣಕೈಯನ್ನು ಅಂಚಿನ ಕಟ್ಟಿಗೆಯ ಮೇಲೆ ಇಟ್ಟೇ ಹೊಡೆಯುವುದು. ಎಷ್ಟು ಸಲ ಹೇಳಿದ್ದೇನೆ, ಕೈ ಎತ್ತಿ ಹೊಡಿ ಅಂತ.”

ನಾನು ತರ್ಜುಮೆ ಮಾಡಲೇಬೇಕಾಯಿತು. ಆಟ ನಿಲ್ಲಿಸಿ ಎನ್ನುತ್ತಾರೆ ಎಂದೇ ಅಂದುಕೊಂಡೆ. ಡಾಕ್ಟರು ನಿಲ್ಲಿಸಿ ಅನ್ನಲಿಲ್ಲ. ಗಾಯ ಮಾಯುವ ತನಕ ಬೇಡ, ಆಮೇಲೆ ಆಡಿ, ಬೆರಳುಗಳು ಓಡಾಡಿಕೊಂಡಿರುವುದು ಒಳ್ಳೆಯದೇ, ಬಾವು ಇದ್ದ ದಿನ ಮಾತ್ರ ಬಿಡುವು ಕೊಡಿ, ಮೊಣಕೈ ಕಟ್ಟಿಗೆಗೆ ತಾಗಬಾರದು, ತಾಗಿದರೆ ಮೆತ್ತಗೆ ಏನಾದರೂ ಇರಲಿ ಎಂದರು. ಮಾಜಿವಾಡಾದ ಸೇತುವೆಯ ಕೆಳಗೆ ರಿಕ್ಷಾ ಕಾಯುವಾಗ ನನಗೆ ಮೈ ಹಗುರಾದಂತೆ ಅನಿಸಿತು. ಸೀಳಿಕೊಂಡು ಹೋಗುವ ಲಾರಿಗಳ ಗದ್ದಲದಲ್ಲಿ ಅತ್ತೆ ನನ್ನ ಕಿವಿಯ ಹತ್ತಿರ ಬಂದು, “ನನ್ನಿಂದ ತಪ್ಪಾಯ್ತು ಮಗಾ” ಎಂದರು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ನಾನು ಒಂದು ತಿಂಗಳು ಬಚ್ಚಿಟ್ಟದ್ದನ್ನು ಹೇಳಿದೆ. ಲೆಕ್ಕ ಚುಕ್ತಾ ಆಯಿತು ಎಂದುಕೊಂಡು ಇಬ್ಬರೂ ವಡಾಪಾವ್ ತಿಂದೆವು.

ಗಾಯ ಮಾಯಲು ಒಂದು ತಿಂಗಳೇ ಹಿಡಿಯಿತು. ದಿನಾ ಸಂಜೆ ಅತ್ತೆ ಸಾಬೂನಿನಲ್ಲಿ ಕೈ ತೊಳೆದು, ಡಾಕ್ಟರು ಹೇಳಿಕೊಟ್ಟ ಹಾಗೆ ಸಲೈನ್‌ನಿಂದ ಗಾಯ ಒರೆಸಿ, ಮುಲಾಮು ಹಚ್ಚಿ, ಹೊಸ ಗಾಜ್ ಬಟ್ಟೆ ಇಟ್ಟು ಸಡಿಲವಾಗಿ ಸುತ್ತುತ್ತಿದ್ದರು. ಮೊದಲ ದಿನಗಳಲ್ಲಿ ಅದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಆಮೇಲೆ ನರ್ಸಿನ ಹಾಗೆ ಚುರುಕಾದರು. ನನ್ನ ಗಂಡ ಕೇಳುವ ಮೊದಲೇ, “ಇವತ್ತು ಅಂಚು ಒಣಗಿದೆ, ವಾಸನೆ ಇಲ್ಲ” ಎಂದು ವರದಿ ಕೊಡುತ್ತಿದ್ದರು.

ಗಾಯ ವಾಸಿಯಾದ ಮೇಲೆ ಡಾಕ್ಟರು ವಾರದ ಗುಳಿಗೆಯನ್ನು ಮತ್ತೆ ಶುರುಮಾಡಿಸಿದರು. ಅತ್ತೆಯ ತಲೆಯಲ್ಲಿ ಒಂದೇ ಯೋಚನೆ: ಮೊಣಕೈಗೆ ಮೆತ್ತೆ. ಮೊದಲು ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಕತ್ತರಿಸಿ ಕಾಲುಚೀಲದೊಳಗೆ ಹೊಲಿದರು. ಅದು ಅರ್ಧ ಗಂಟೆಯಲ್ಲಿ ಮುಂಗೈಗೆ ಜಾರಿತು. ಎರಡನೆಯದು ದಿಂಬಿನ ಹತ್ತಿ ತುಂಬಿದ್ದು, ನನ್ನ ತೋಳು ಕುಸ್ತಿ ಪೈಲವಾನನ ತೋಳಿನಂತೆ ಕಾಣುತ್ತಿತ್ತು. ಮಗಳು ಫೋಟೊ ತೆಗೆದು ಸಾಯುವಷ್ಟು ನಕ್ಕಳು. ಮೂರನೆಯದನ್ನು ಅತ್ತೆ ಎರಡು ದಿನ ಯಾರಿಗೂ ತೋರಿಸದೆ ಮಾಡಿದರು. ತಮ್ಮ ಹಳೆಯ ಹತ್ತಿ ಸೀರೆಯನ್ನು ಸೀಳಿ ಹಗ್ಗದಂತೆ ಹೊಸೆದು, ಬಳೆಯ ಗಾತ್ರಕ್ಕೆ ಸುತ್ತಿ, ಮೇಲೆ ಮೆತ್ತನೆಯ ಬಟ್ಟೆ ಹೊದಿಸಿ ಹೊಲಿದಿದ್ದರು. ನೋಡಿದ ಕೂಡಲೇ ಗುರುತು ಸಿಕ್ಕಿತು.

“ಅತ್ತಿ, ಇದು ಸಿಂಬಿ ಅಲ್ಲೇನ್ರಿ?”

“ಹೌದು. ಕೊಡ ಹೊರುವಾಗ ತಲೆ ಮೇಲೆ ಇಡುವುದಿಲ್ವಾ, ಅದೇ. ಭಾರ ಎಲ್ಲ ಸುತ್ತ ಬೀಳ್ತದೆ, ನಡುವಿಗೆ ಏನೂ ತಾಗುವುದಿಲ್ಲ. ನಿನ್ನ ಗಂಟು ಆ ತೂತಿನಲ್ಲಿ ಆರಾಮವಾಗಿ ಕೂರಲಿ.”

ತೋಳಿಗೆ ಹಾಕುವ ಸಡಿಲ ಬಟ್ಟೆಚೀಲಕ್ಕೆ ಆ ಉಂಗುರವನ್ನು ಸೇರಿಸಿ ಹೊಲಿದಿದ್ದರು. ಹಾಕಿಕೊಂಡು ಮೇಜಿನ ಮೇಲೆ ಮೊಣಕೈ ಊರಿದೆ. ಗಂಟಿಗೆ ಏನೂ ತಾಗಲಿಲ್ಲ. ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ತೋರಿಸಿದಾಗ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಿಗಿ ಇರಬಾರದು, ಇಡೀ ದಿನ ಹಾಕಿಕೊಂಡಿರಬಾರದು, ತೆಗೆದಾಗಲೆಲ್ಲ ಉಂಗುರ ಕೂತ ಜಾಗ ಕೆಂಪಾಗಿದೆಯೇ ನೋಡಬೇಕು, ದಿನಾ ಒಗೆದದ್ದನ್ನೇ ಹಾಕಬೇಕು ಎಂದು ಹೇಳಿ, ಅತ್ತೆಯತ್ತ ತಿರುಗಿ, “ಆಜಿ, ಸುಣ್ಣಕ್ಕಿಂತ ಇದು ಚೆನ್ನಾಗಿದೆ” ಎಂದರು. ಅತ್ತೆ ಆ ಮಾತನ್ನು ನಮ್ಮ ಬಿಲ್ಡಿಂಗಿನ ನಾಲ್ಕೂ ಮಹಡಿಗಳಲ್ಲಿ ಹೇಳಿಕೊಂಡು ಬಂದರು.

ರೈಲಿನಲ್ಲಿಯೂ ನನ್ನ ಸಿಂಬೆಗೆ ಹೆಸರು ಬಂತು. ಹೆಂಗಸರ ಡಬ್ಬಿಯಲ್ಲಿ ದಿನಾ ಜೊತೆಗೆ ಬರುವವರು ಬಟಾಣಿ ಸುಲಿಯುತ್ತ, ಮೆಂತ್ಯ ಬಿಡಿಸುತ್ತ ಒಬ್ಬರ ಕಷ್ಟ ಇನ್ನೊಬ್ಬರು ಕೇಳಿಕೊಳ್ಳುತ್ತಾರೆ. ಉದ್ದ ತೋಳಿನ ಕುರ್ತಾ ಬಿಟ್ಟು ಮೊದಲಿನಂತೆ ಗಿಡ್ಡ ತೋಳಿನದನ್ನು ಹಾಕಿಕೊಂಡು ಹೋದ ದಿನ ಎಲ್ಲರೂ ಕೇಳಿದರು. ಹೇಳಿದೆ. ಅಂಟುತ್ತದೆಯೇ ಎಂದು ಒಬ್ಬಳು ಕೇಳಿದಳು. ಇಲ್ಲ, ಇದು ಅಂಟುವ ಕಾಯಿಲೆಯಲ್ಲ ಎಂದೆ. “ಮಗ್ ಝಾಲಂ”, ಹಾಗಾದರೆ ಸರಿ, ಎಂದು ಅವಳು ಸರಿದು ನನಗೆ ಕಿಟಕಿಯ ಜಾಗ ಕೊಟ್ಟಳು. ಮುಂಬಯಿ ಲೋಕಲ್ಲಿನಲ್ಲಿ ಕಿಟಕಿಯ ಜಾಗ ಬಿಟ್ಟುಕೊಡುವುದು ಎಂದರೆ ಏನೆಂದು ಇಲ್ಲಿಯವರಿಗೆ ಗೊತ್ತು.

ಎಲ್ಲವೂ ನೆಟ್ಟಗೇ ಹೋಯಿತು ಅಂತಲ್ಲ. ಜನವರಿಯಲ್ಲಿ ಬಲಗೈಯ ತೋರುಬೆರಳು, ಮಧ್ಯದ ಬೆರಳುಗಳ ಗೆಣ್ಣಿನ ಮೇಲೆ ಸಾಸಿವೆಯಿಂದ ಹೆಸರುಕಾಳಿನ ಗಾತ್ರದ ಪುಟ್ಟ ಗಂಟುಗಳು ಬಂದವು. ಈ ಸಲ ಬಚ್ಚಿಡಲಿಲ್ಲ, ಮೂರನೇ ದಿನವೇ ಹೋದೆ. ಕೆಲವರಿಗೆ ಈ ವಾರದ ಗುಳಿಗೆಯಿಂದಲೇ ಬೆರಳುಗಳಲ್ಲಿ ಇಂಥ ಗಂಟು ಹೆಚ್ಚುವುದುಂಟು ಎಂದು ಡಾಕ್ಟರು ಹೇಳಿ, ಕೀಲುಗಳನ್ನೆಲ್ಲ ಮುಟ್ಟಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಔಷಧಿ ಬದಲಿಸಿದರು. ಹೊಸ ಔಷಧಿ ಮೈಗೆ ಹೊಂದುವವರೆಗೆ ಎರಡು ತಿಂಗಳು ಸುಸ್ತು. ಸಂಜೆಯ ಆಟ ಎಷ್ಟೋ ದಿನ ತಪ್ಪಿತು. ತೋರುಬೆರಳಿನಿಂದ ಸ್ಟ್ರೈಕರ್ ಚಿಮ್ಮಿಸಿದರೆ ಗೆಣ್ಣು ಚುಳುಕ್ ಎನ್ನುತ್ತಿತ್ತು. ಇನ್ನು ಆಡುವುದು ಸಾಕು ಎಂದು ಒಂದು ದಿನ ನಾನೇ ಬೋರ್ಡನ್ನು ಗೋಡೆಗೆ ಒರಗಿಸಿಟ್ಟೆ.

ಅತ್ತೆ ಅದನ್ನು ಮತ್ತೆ ಮಲಗಿಸಿದರು. “ಬಲಗೈಗೆ ರಜೆ ಕೊಡು. ಎಡಗೈ ಎಂತ ಮಾಡ್ತಾ ಉಂಟು?”

“ಎಡಗೈಲೆ ನನಗ ಬಾಚಣಿಕಿ ಹಿಡಿಯಾಕೂ ಬರೂದಿಲ್ಲ ಅತ್ತಿ.”

“ಕೇರಮ್ಮಿಗೆ ಬಾಚಣಿಗೆ ಯಾಕೆ?”

ಹೀಗೆ ನಲವತ್ತೇಳನೆಯ ವಯಸ್ಸಿನಲ್ಲಿ ಎಡಗೈಯಿಂದ ಆಡಲು ಕಲಿತೆ. ಮೊದಲ ವಾರ ಸ್ಟ್ರೈಕರ್ ಬೋರ್ಡು ಬಿಟ್ಟು ಸೋಫಾದ ಕೆಳಗೆ ಹೋಗುತ್ತಿತ್ತು. ಗಂಡ ಮಂಡಿಯೂರಿ ಅದನ್ನು ತೆಗೆದು ತೆಗೆದು ಕೊಡುತ್ತಿದ್ದರು. ಅತ್ತೆ ನನ್ನ ಹಿಂದೆ ನಿಂತು ಮಣಿಕಟ್ಟು ಹಿಡಿದು, ಎಷ್ಟು ಮೆಲ್ಲಗೆ ಹೊಡೆದರೆ ಸಾಕು ಎನ್ನುವುದನ್ನು ತೋರಿಸಿದರು. ಜೋರು ಬೇಡ, ಕೋನ ನೋಡು, ಅಷ್ಟೇ ಅವರ ಪಾಠ. ಹೋಳಿಯ ಹೊತ್ತಿಗೆ ಎಡಗೈ ಬಲಗೈಗಿಂತ ಶಾಂತವಾಗಿತ್ತು. ಬೇಸಿಗೆಯ ಹೊತ್ತಿಗೆ ಹೊಸ ಔಷಧಿ ಹಿಡಿಯಿತು. ಬೆರಳಿನ ಗಂಟುಗಳಲ್ಲಿ ಎರಡು ಕಾಣದಾದವು, ಉಳಿದವು ಸಣ್ಣವಾದವು. ಮೊಣಕೈಯದು ಮಾತ್ರ ಮನೆಯ ಹಿರಿಯರ ಹಾಗೆ ಕದಲದೆ ಕೂತಿತ್ತು.

ಮೇ ತಿಂಗಳಲ್ಲಿ ಮಗಳು ಒಂದು ಸುದ್ದಿ ತಂದಳು. ಕೋಪರಖೈರಣೆಯ ಕನ್ನಡಿಗರ ಒಂದು ಸಂಘ ಹೆಂಗಸರಿಗಾಗಿ ಕೇರಂ ಪಂದ್ಯ ಇಟ್ಟಿದೆ, ಜೋಡಿ ಆಟ, ಎಲ್ಲಿಂದಲೂ ಬರಬಹುದು. ನಮಗೆ ಹೇಳುವ ಮೊದಲೇ ಅವಳು ಹೆಸರು ಕೊಟ್ಟಾಗಿತ್ತು. “ಮಮ್ಮೀ, ಮರಾಠಿಯಲ್ಲಿ ಕೋಪರ ಅಂದರೆ ಮೊಣಕೈ. ಆ ಊರಿಗೆ ನೀನಲ್ಲದೆ ಇನ್ಯಾರು ಹೋಗಬೇಕು?” ಎಂದು ಹಿಂದಿಯಲ್ಲಿ ಕೇಳಿದಳು. ಅತ್ತೆಗೆ ಅದು ಎಷ್ಟು ಹಿಡಿಸಿತೆಂದರೆ, ಹೋಗುವ ದಿನದವರೆಗೂ ಊರಿನ ಹೆಸರು ಹೇಳದೆ “ಮೊಣಕೈ ಊರು” ಎಂದೇ ಕರೆದರು.

ಭಾನುವಾರ ಬೆಳಿಗ್ಗೆ ನಾವು ನಾಲ್ವರೂ ಹೊರಟೆವು. ಠಾಣೆಯಲ್ಲಿ ಇಳಿದು ನವಿ ಮುಂಬಯಿಯ ಗಾಡಿ ಹತ್ತಿದೆವು. ಅತ್ತೆ ಬೋರ್ಡಿಗೆ ಉದುರಿಸುವ ಬೋರಿಕ್ ಪೌಡರಿನ ಡಬ್ಬಿ, ಒಗೆದ ಎರಡು ಸಿಂಬೆ, ಚಪಾತಿ, ಉಪ್ಪಿನಕಾಯಿ ಎಲ್ಲ ಒಂದೇ ಚೀಲದಲ್ಲಿ ತಂದಿದ್ದರು. ಸಂಘದ ಹಾಲ್‌ನಲ್ಲಿ ಎಂಟು ಬೋರ್ಡು. ಹೆಚ್ಚಿನವರು ನನ್ನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವರು. ಅತ್ತೆಯಷ್ಟು ವಯಸ್ಸಿನವರು ಒಬ್ಬರೂ ಇರಲಿಲ್ಲ. ನಮ್ಮನ್ನು ನೋಡಿ, ಪ್ರೇಕ್ಷಕರ ಕುರ್ಚಿ ಆ ಕಡೆ ಎಂದು ಕೈ ತೋರಿಸಿದವರೂ ಇದ್ದರು.

ಮೊದಲ ಎರಡು ಪಂದ್ಯ ಸುಲಭವಾಗಿ ಗೆದ್ದೆವು. ಅತ್ತೆ ಕೂತ ಕಡೆಯಿಂದ ಕಾಯಿಗಳು ಸದ್ದಿಲ್ಲದೆ ಮೂಲೆ ಸೇರುತ್ತಿದ್ದವು. ಸೆಮಿಫೈನಲ್ಲಿಗೆ ಎದುರಾದವರು ಬದಲಾಪುರದಿಂದ ಬಂದ ಅಕ್ಕತಂಗಿಯರು, ಮಾತಿನಿಂದಲೇ ವಿಜಯಪುರ ಕಡೆಯವರೆಂದು ಗೊತ್ತಾಯಿತು. ನಾನು ಆ ಹೊತ್ತಿಗೆ ಎಡಗೈಯಿಂದ ಆಡುತ್ತಿದ್ದೆ. ಬಲ ಮೊಣಕೈಯನ್ನು ಸಿಂಬೆಯೊಡನೆ ನನ್ನ ಕುರ್ಚಿಯ ಕೈಯ ಮೇಲೆ ಇಟ್ಟಿದ್ದೆ. ಅಕ್ಕ ಆಟ ನಿಲ್ಲಿಸಿ ತೀರ್ಪು ಕೊಡುವ ಪಂಚರನ್ನು ಕರೆದರು.

“ಇವರ ಕೈಯಾಗ ಏನೋ ಕಟ್ಟ್ಯಾರ್ರಿ. ಆಟದಾಗ ಹಂಗೆಲ್ಲ ಕಟಗೋಬಾರದು.”

ಪಂಚರು ನನ್ನತ್ತ ನೋಡಿದರು. ಸುತ್ತಲಿನ ಬೋರ್ಡಿನವರೂ ತಿರುಗಿದರು. ಅಷ್ಟು ಜನರ ನಡುವೆ ಒಂದು ಕ್ಷಣ ನನಗೆ ಹಳೆಯ ಉದ್ದ ತೋಳಿನ ಕುರ್ತಾ ಬೇಕೆನಿಸಿತು. ಆಮೇಲೆ ಸಿಂಬೆ ಕಳಚಿ ಕೈಯನ್ನು ದೀಪದ ಕೆಳಗೆ ಚಾಚಿದೆ.

“ಇದು ಗಂಟ್ರಿ. ಸಂಧಿವಾತದ್ದು. ಎಲ್ಲ್ಯೂ ತಾಗಬಾರದು, ಅದಕ್ಕ ಹಾಕ್ಕೊಂಡೀನಿ. ಬ್ಯಾಡಂದ್ರ ತಗದಿಟ್ಟ ಆಡತೀನಿ.”

ಆ ಅಕ್ಕ ಎದ್ದು ಬಂದರು. ಗಂಟನ್ನು ಮುಟ್ಟಲಿಲ್ಲ, ಹತ್ತಿರದಿಂದ ನೋಡಿದರು. ಆಮೇಲೆ ಸಿಂಬೆಯನ್ನು ಕೈಗೆತ್ತಿಕೊಂಡು ಅದರ ನಡುವಿನ ತೂತಿನಲ್ಲಿ ಬೆರಳಾಡಿಸಿದರು. ಮುಖ ಸಡಿಲಾಯಿತು.

“ನಮ್ಮವ್ವಗೂ ಇಂಥಾವ ಅದಾವ್ರಿ, ಎರಡೂ ಮೊಣಕೈಗೆ. ಒಂದು ಹಿಮ್ಮಡಕ್ಕೂ ಐತಿ. ಹಾಸಿಗಿಗೆ ತಿಕ್ಕಿ ತಿಕ್ಕಿ ಗಾಯ ಆಗತಾವ. ಇದನ್ನ ಎಲ್ಲಿ ತಗೊಂಡ್ರಿ?”

“ಎಲ್ಲಿಯೂ ಸಿಗುವುದಿಲ್ಲ,” ಎಂದು ಅತ್ತೆ ಕುರ್ಚಿಯಿಂದಲೇ ಹೇಳಿದರು. “ನಾನು ಹೊಲಿದದ್ದು. ನಿಮ್ಮ ಅಮ್ಮನ ತೋಳು ಎಷ್ಟು ದಪ್ಪ? ಆಟ ಮುಗಿದ ಮೇಲೆ ಹೇಳಿ. ಈಗ ನನ್ನ ಸರದಿ.”

ಪಂಚರು ಇರಲಿ ಎಂದರು. ಅತ್ತೆ ತಮ್ಮ ಸರದಿಯಲ್ಲಿ ಒಂದೇ ಏಟಿಗೆ ರಾಣಿಯನ್ನೂ ಮುಂದಿನ ಏಟಿಗೆ ಅದರ ಬೆನ್ನಿಗೇ ಬೀಳಬೇಕಾದ ಕವರ್ ಕಾಯಿಯನ್ನೂ ತೆಗೆದರು. ಕೊನೆಯ ಬಿಳಿ ಕಾಯಿ ನನ್ನ ಪಾಲಿಗೆ ಬಂತು. ಮೂಲೆಯಿಂದ ಮೂರು ಬೆರಳು ದೂರ, ನಡುವೆ ಅವರ ಕಪ್ಪು ಕಾಯಿ. ಎಡಗೈಯಿಂದ ಸ್ಟ್ರೈಕರನ್ನು ಎದುರು ಕಟ್ಟಿಗೆಗೆ ತಾಗಿಸಿ ತಿರುಗಿಸಿದೆ. ಕಾಯಿ ಮೂಲೆಯ ಬಾಯಲ್ಲಿ ನಿಂತು, ಯೋಚನೆ ಮಾಡಿದಂತೆ ಮಾಡಿ ಒಳಗೆ ಬಿತ್ತು. ಮಗಳು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು. ಅವಳಿಗೆ ಸಿಳ್ಳೆ ಬರುತ್ತದೆ ಎನ್ನುವುದು ನನಗೆ ಅಂದೇ ಗೊತ್ತಾದದ್ದು.

ಫೈನಲ್ಲಿನಲ್ಲಿ ಕಲ್ಯಾಣದ ಇಬ್ಬರು ಹುಡುಗಿಯರು ನಮ್ಮನ್ನು ಸೋಲಿಸಿದರು. ಚೆನ್ನಾಗಿಯೇ ಆಡಿದರು. ಅತ್ತೆ ಸುಲಭದ ಎರಡು ಕಾಯಿ ಬಿಟ್ಟು ರಾಣಿಯ ಹಿಂದೆ ಬಿದ್ದದ್ದೂ ಒಂದು ಕಾರಣ. ಅದಕ್ಕೆ ಅವರಿಗೆ ಒಂದಿಷ್ಟೂ ಬೇಸರವಿರಲಿಲ್ಲ. “ರಾಣಿ ಕಣ್ಣೆದುರು ಇರುವಾಗ ಸಿಪಾಯಿಗಳನ್ನು ಯಾರು ನೋಡ್ತಾರೆ?” ಎಂದು ಗೆದ್ದ ಹುಡುಗಿಯರನ್ನೇ ಕೇಳಿದರು. ಎರಡನೇ ಬಹುಮಾನವಾಗಿ ಸಿಕ್ಕ ಸ್ಟೀಲಿನ ಹಾಟ್‌ಬಾಕ್ಸಿನಲ್ಲಿ ಉಳಿದ ಚಪಾತಿ ತುಂಬಿಕೊಂಡು ಬಂದೆವು. ಹೊರಡುವ ಮುನ್ನ ಆ ಬದಲಾಪುರದ ಅಕ್ಕ ಫೋನ್ ನಂಬರು ಕೊಟ್ಟು, ತಾಯಿಯ ತೋಳಿನ ಸುತ್ತಳತೆಯನ್ನು ತಮ್ಮ ತೋಳಿಗೆ ಹೋಲಿಸಿ ಅತ್ತೆಗೆ ತೋರಿಸಿದರು.

ಅತ್ತೆ ಮರುದಿನವೇ ಇನ್ನೊಂದು ಹಳೆಯ ಸೀರೆ ಸೀಳಿದರು. ಮೊಣಕೈಗೆ ನಾಲ್ಕು, ಹಿಮ್ಮಡಿಗೆ ಎರಡು. ಅಳತೆ ನೋಡದೆ ಕೊಟ್ಟರೆ ಬಿಗಿಯಾದೀತು, ತಾವೇ ಹೋಗಿ ಹಾಕಿ ನೋಡಬೇಕು ಎಂದು ಹಟ ಹಿಡಿದರು. ಮಳೆ ಹಿಡಿದ ಮೇಲಿನ ಒಂದು ಭಾನುವಾರ ನಾವಿಬ್ಬರೂ ಬದಲಾಪುರಕ್ಕೆ ಹೋದೆವು.

ಆ ಅಕ್ಕನ ತಾಯಿಗೆ ಎಂಬತ್ತರ ಮೇಲೆ. ನಡೆದಾಡುವುದು ಕಡಿಮೆ, ದಿನದ ಬಹುಪಾಲು ಮಂಚದ ಮೇಲೆಯೇ. ಎಡ ಮೊಣಕೈಯ ಗಂಟಿನ ಮೇಲೆ ಚರ್ಮ ತೆಳುವಾಗಿ ಕೆಂಪಾಗಿತ್ತು. ಅತ್ತೆ ಕೈ ತೊಳೆದುಕೊಂಡು ಬಂದು ನೋಡಿ, ಇದಕ್ಕೆ ಮೊದಲು ಡಾಕ್ಟರು ಬೇಕು, ಸಿಂಬೆ ಆಮೇಲೆ ಎಂದರು. ಸುಣ್ಣದ ಕಥೆಯನ್ನೂ ಮುಚ್ಚಿಡದೆ ಹೇಳಿದರು. ನಾನು ನಮ್ಮ ಡಾಕ್ಟರ ವಿಳಾಸ ಬರೆದುಕೊಟ್ಟೆ. ಅದೇ ವಾರ ತೋರಿಸುತ್ತೇನೆ ಎಂದು ಅಕ್ಕ ಹೇಳಿದರು, ತೋರಿಸಿದರೂ ಕೂಡ. ಗಾಯ ಇಲ್ಲದ ಬಲ ಮೊಣಕೈಗೆ, ಹಿಮ್ಮಡಿಗೆ ಅತ್ತೆ ಅಂದೇ ಹಾಕಿ ನೋಡಿದರು. ಬಲ ಮೊಣಕೈಯದು ಸ್ವಲ್ಪ ಬಿಗಿಯಾಗಿತ್ತು. ಅಲ್ಲೇ ಕೂತು ಬಿಚ್ಚಿ ಮತ್ತೆ ಹೊಲಿದರು.

ಅಜ್ಜಿ ಮೊಣಕೈ ಊರಿ, ತುಸು ಹೊರಳಿ, ಮತ್ತೆ ಊರಿದರು.

“ಏನೂ ತಾಕವಲ್ಲದು,” ಎಂದರು ಮಗಳತ್ತ ನೋಡಿ. ಆಮೇಲೆ ಅತ್ತೆಯನ್ನು ಕೇಳಿದರು, “ಯಾವೂರಾಕಿ ನೀ?”

“ಉಡುಪಿ ಹತ್ರ.”

“ಅಲ್ಲೆ ರೊಟ್ಟಿ ತಿಂತೀರೇನು?”

“ಇಲ್ಲ, ನಾವು ಅನ್ನ ಉಣ್ಣುವವರು. ಸೊಸೆ ಬಂದ ಮೇಲೆ ರೊಟ್ಟಿ ಕಲಿತೆ.”

“ಬಡೀಲಿಕ್ಕೆ ಬರತೈತಿ?”

“ತಿನ್ನುವುದಕ್ಕೆ ಬರ್ತದೆ.”

ಅಜ್ಜಿ ನಕ್ಕ ರಭಸಕ್ಕೆ ಮಂಚ ಕಿರುಗುಟ್ಟಿತು. ಆ ಮನೆಯವರು ಊಟ ಮಾಡದೆ ಬಿಡಲಿಲ್ಲ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ನನಗೆ ತವರಿಗೆ ಹೋಗಿ ಬಂದ ಹಾಗಾಯಿತು. ಊಟ ಮುಗಿದ ಮೇಲೆ ತಂಗಿ ಬೋರ್ಡು ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು. ಅಜ್ಜಿ ದಿಂಬಿಗೊರಗಿ ಕೂತು, ಯಾವ ಕಾಯಿ ಹೊಡೆಯಬೇಕೆಂದು ತಮ್ಮ ಮಕ್ಕಳಿಗೆ ಬಿಟ್ಟು ನಮಗೆ ಹೇಳಿಕೊಡಲು ಶುರುಮಾಡಿದರು. ಹೊರಗೆ ಮಳೆ ಜೋರಾಗಿತ್ತು. ಹಿಡಿಯಬೇಕೆಂದಿದ್ದ ಐದು ಗಂಟೆಯ ಲೋಕಲ್ ಹೋಯಿತು, ಅದರ ನಂತರದ್ದೂ ಹೋಯಿತು. ಗಂಡ ಫೋನು ಮಾಡಿ ಎಲ್ಲಿದ್ದೀರಿ ಎಂದು ಕೇಳಿದಾಗ ಅತ್ತೆ ಫೋನು ಕಿವಿಗಿಟ್ಟುಕೊಂಡೇ ಕಾಯಿ ನೋಡುತ್ತ, ಇನ್ನೊಂದು ಬೋರ್ಡು ಮುಗಿಸಿ ಬರುತ್ತೇವೆ, ನೀವಿಬ್ಬರೂ ಅನ್ನಕ್ಕೆ ಇಟ್ಟುಕೊಳ್ಳಿ ಎಂದು ತುಳುವಿನಲ್ಲಿ ಹೇಳಿ ಇಟ್ಟರು.